ಕಿವಿಗೆಂದೇ ಮಾಡಿದ ಪ್ಲೇಯರ್‌ಗೆ ಕಣ್ಣು ಯಾಕೆ ಬೇಕು?

“ನಿಮಗೆ ಪಾಡ್‌ಕಾಸ್ಟ್ ಅಂದರೆ ಹಬ್ಬ ಇರಬೇಕು ಅಲ್ವಾ, ಬರೀ ಕೇಳೋದು ತಾನೆ” ಎಂದು ಕಣ್ಣಿರುವ ಗೆಳೆಯರು ಆಗಾಗ ಹೇಳುತ್ತಾರೆ. ಮಾತು ಶುರುವಾದ ಮೇಲೆ ಹಬ್ಬವೇ, ಅದರಲ್ಲಿ ಎರಡು ಮಾತಿಲ್ಲ. ಶುರುವಾಗುವ ತನಕ ಪಡುವ ಪಾಡು ಇದೆಯಲ್ಲ, ಅದು ಅವರಿಗೆ ಗೊತ್ತಿಲ್ಲ. ಕಂತನ್ನು ಹುಡುಕುವುದು, ಡೌನ್‌ಲೋಡ್ ಆಯಿತೋ ಇಲ್ಲವೋ ತಿಳಿಯುವುದು, ಯಾರಾದರೂ ಕರೆದರೆ ತಟ್ಟನೆ ನಿಲ್ಲಿಸುವುದು, ಕೇಳುತ್ತಾ ಕೇಳುತ್ತಾ ನಿದ್ದೆ ಹತ್ತಿ ಎಚ್ಚರವಾದಾಗ ಎಲ್ಲಿಗೆ ಬಂದಿದ್ದೆ ಎಂದು ಹಿಂದಕ್ಕೆ ಹೋಗುವುದು, ಈ ಕೆಲಸವೆಲ್ಲ ಇರುವುದು ತೆರೆಯ ಮೇಲೆ. ಕೇಳಿಸುವುದಕ್ಕೇ ಮಾಡಿದ ಯಂತ್ರ. ನಡೆಸಬೇಕಾದರೆ ಮಾತ್ರ ಕಣ್ಣು ಬೇಕು.

ನನಗೆ ಕಣ್ಣು ಕಾಣುವುದಿಲ್ಲ. ದಿನದಲ್ಲಿ ಹೆಚ್ಚು ಹೊತ್ತು ಏನಾದರೊಂದು ಕಿವಿಯಲ್ಲಿ ಓಡುತ್ತಲೇ ಇರುತ್ತದೆ. ಹಾಗಾಗಿ ಈ ವಿಷಯದಲ್ಲಿ ನನಗೆ ಅಭಿಪ್ರಾಯಗಳು ಸ್ವಲ್ಪ ಜಾಸ್ತಿಯೇ ಇವೆ, ತಡೆದುಕೊಳ್ಳಿ.

ಹಳೆಯ ಕ್ಯಾಸೆಟ್ ಪ್ಲೇಯರ್ ನೆನಪಿದೆಯಾ? ಒತ್ತಿದ ಬಟನ್ ಒಳಗೇ ಕೂತಿರುತ್ತಿತ್ತು. ಬೆರಳಿಟ್ಟರೆ ಸಾಕು, ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತಿತ್ತು. ಟೇಪು ಮುಗಿದರೆ ಟಕ್ ಎಂದು ಬಟನ್ ಮೇಲೆ ಹಾರುತ್ತಿತ್ತು. ಅಂಧರಿಗೆ ಅನುಕೂಲವಾಗಲಿ ಎಂದು ಯಾರೂ ಹಾಗೆ ಮಾಡಿದ್ದಲ್ಲ, ಯಂತ್ರದ ಜಾಯಮಾನವೇ ಹಾಗಿತ್ತು. ಆಮೇಲೆ ಎಂಪಿ3 ಪ್ಲೇಯರ್ ಬಂತು. ಸಣ್ಣ ತೆರೆ, ಅದರೊಳಗೆ ಮೆನು, ಮೆನುವಿನೊಳಗೆ ಇನ್ನೊಂದು ಮೆನು. ನಾವು ಬಾಯಿಪಾಠ ಮಾಡಿಕೊಂಡೆವು. ಕೆಳಗೆ ಮೂರು ಸಲ, ಬಲಕ್ಕೆ ಒಂದು ಸಲ, ಮತ್ತೆ ಕೆಳಗೆ ಎರಡು, ಅಲ್ಲಿ ಹಾಡುಗಳನ್ನು ಕಲಸಿ ಬಾರಿಸುವ ಶಫಲ್. ಮೆನುವಿನ ಕೊನೆಗೆ ಹೋದರೆ ಅಲ್ಲೇ ನಿಲ್ಲುವ ಪ್ಲೇಯರ್ ಆದರೆ ಪುಣ್ಯ, ಮೇಲಕ್ಕೆ ಒತ್ತುತ್ತಾ ಹೋಗಿ ತುದಿ ಮುಟ್ಟಿ ಅಲ್ಲಿಂದ ಎಣಿಸಬಹುದು. ಕೊನೆಯಿಂದ ಮತ್ತೆ ಮೊದಲಿಗೆ ಸುತ್ತುವ ಮೆನು ಆದರೆ ತುದಿಯೂ ಇಲ್ಲ, ಬುಡವೂ ಇಲ್ಲ. ಇಷ್ಟೆಲ್ಲ ಕಲಿತ ಮೇಲೆ ಒಂದು ಅಪ್‌ಡೇಟ್ ಬಂದು ಮಧ್ಯದಲ್ಲಿ ಒಂದು ಸಾಲು ಹೊಸದಾಗಿ ಸೇರಿಕೊಂಡಿತು ಅನ್ನಿ, ಎಲ್ಲ ಲೆಕ್ಕವೂ ಹೋಯಿತು. ಶಫಲ್ ಇದ್ದ ಜಾಗದಲ್ಲಿ ಫಾರ್ಮ್ಯಾಟ್ ಬಂದು ಕೂತಿದ್ದರೆ ನಿಮಗೆ ಗೊತ್ತಾಗುವುದು ಹಾಡುಗಳೆಲ್ಲ ಮಾಯವಾದ ಮೇಲೆ.

ಇದಕ್ಕೆ ಮೊದಲು ಉತ್ತರ ಹುಡುಕಿದವರಲ್ಲಿ ರಾಕ್‌ಬಾಕ್ಸ್‌ನವರು ಮುಖ್ಯರು. ಅದು ಪ್ಲೇಯರ್ ಅಲ್ಲ, ಪ್ಲೇಯರ್‌ನ ಒಳಗಿನ ತಂತ್ರಾಂಶವನ್ನು ಬದಲಿಸುವ ಮುಕ್ತ ತಂತ್ರಾಂಶ. 2001ರಲ್ಲಿ ಆರ್ಕೋಸ್ ಕಂಪನಿಯ ಪ್ಲೇಯರ್‌ಗಳಿಗಾಗಿ ಕೆಲವು ಹವ್ಯಾಸಿಗಳು ಶುರು ಮಾಡಿದ್ದು, ಆಮೇಲೆ ಐಪಾಡ್ ಸೇರಿದಂತೆ ಬೇಕಾದಷ್ಟು ಪ್ಲೇಯರ್‌ಗಳಿಗೆ ಹಬ್ಬಿತು. ಅದರಲ್ಲಿ ಮೆನುಗಳು ಮಾತಾಡುತ್ತವೆ. ಹೇಗೆ ಎನ್ನುವುದೇ ನನಗೆ ಬಹಳ ಇಷ್ಟದ ಭಾಗ. ಆ ಕಾಲದ ಪ್ಲೇಯರ್‌ಗಳಿಗೆ ಅಕ್ಷರವನ್ನು ಸ್ಥಳದಲ್ಲೇ ಮಾತು ಮಾಡುವಷ್ಟು ಶಕ್ತಿ ಇರಲಿಲ್ಲ. ಅದಕ್ಕೆ ಮೆನುವಿನ ಒಂದೊಂದು ಮಾತನ್ನೂ ಮೊದಲೇ ಕಂಪ್ಯೂಟರ್‌ನಲ್ಲಿ ಉಚ್ಚರಿಸಿ, ಎಲ್ಲವನ್ನೂ ಒಂದೇ ಧ್ವನಿ ಫೈಲಿನಲ್ಲಿ ಕಟ್ಟಿ ಪ್ಲೇಯರ್‌ಗೆ ಹಾಕುತ್ತಿದ್ದರು. ಹಾಡುಗಳ ಹೆಸರಿಗೂ ಅಷ್ಟೇ, ಬೇಕಾದರೆ ಪ್ರತಿ ಫೋಲ್ಡರ್‌ಗೆ, ಪ್ರತಿ ಫೈಲಿಗೆ ಒಂದೊಂದು ಪುಟಾಣಿ ಧ್ವನಿ ತುಣುಕು. ತುಣುಕು ಮಾಡಿಲ್ಲವಾ? ಹಾಗಾದರೆ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳು ಎಂದು ಸೆಟ್ಟಿಂಗ್‌ನಲ್ಲಿ ಹೇಳಬಹುದಿತ್ತು. ಉದ್ದ ಹೆಸರಾದರೆ ಪ್ರಾಣ ಹೋಗುತ್ತಿತ್ತು ನಿಜ, ಆದರೂ ಕೈಯಲ್ಲಿರುವುದು ಏನು ಎಂದು ಅದೇ ಹೇಳುತ್ತಿತ್ತು, ಪಕ್ಕದಲ್ಲಿ ಇನ್ನೊಬ್ಬರು ಕೂತು ಹೇಳಬೇಕಿರಲಿಲ್ಲ. ದೊಡ್ಡ ದೊಡ್ಡ ಕಂಪನಿಗಳು ತಲೆಕೆಡಿಸಿಕೊಳ್ಳದಿದ್ದ ಹೊತ್ತಿನಲ್ಲಿ ಬಿಡುವಿನ ವೇಳೆಯಲ್ಲಿ ಕೋಡ್ ಬರೆಯುವವರು ಇದನ್ನು ಮಾಡಿದರು ಎನ್ನುವುದನ್ನು ಮರೆಯಬಾರದು.

ಕಂಪನಿಗಳೂ ಬಂದವು, ತಡವಾಗಿ. 2008ರ ಐಪಾಡ್ ನ್ಯಾನೋದಲ್ಲಿ ಮಾತಾಡುವ ಮೆನು ಬಂತು. ಅದಕ್ಕಿಂತ ಮಜಾ ಇರುವುದು 2009ರ ಐಪಾಡ್ ಶಫಲ್‌ನಲ್ಲಿ. ಅದಕ್ಕೆ ತೆರೆಯೇ ಇಲ್ಲ, ಮೈಮೇಲೆ ಪ್ಲೇ ಬಟನ್ ಕೂಡ ಇಲ್ಲ, ಒಂದು ಸಣ್ಣ ಸ್ವಿಚ್ ಬಿಟ್ಟರೆ ಎಲ್ಲ ನಿಯಂತ್ರಣವೂ ಇಯರ್‌ಫೋನ್ ತಂತಿಯ ಮೇಲೆ. ನಡುವಿನ ಬಟನ್ ಒತ್ತಿ ಹಿಡಿದರೆ ಹಾಡಿನ ಹೆಸರು ಹೇಳುತ್ತಿತ್ತು, ಇನ್ನೂ ಹಿಡಿದರೆ ಪ್ಲೇಲಿಸ್ಟ್‌ಗಳ ಹೆಸರು ಒಂದೊಂದಾಗಿ ಹೇಳುತ್ತಾ ಹೋಗುತ್ತಿತ್ತು. ರಾಕ್‌ಬಾಕ್ಸ್‌ನಂತೆ ಇಲ್ಲೂ ಹೆಸರುಗಳನ್ನು ಕಂಪ್ಯೂಟರ್‌ನಲ್ಲೇ ಮಾತು ಮಾಡಿ ಕಳಿಸುತ್ತಿದ್ದರು. ತೆರೆ ತೆಗೆದ ಕೂಡಲೇ ಕಣ್ಣಿರುವವರೂ ನಮ್ಮ ಸಾಲಿಗೆ ಬಂದು ನಿಂತರು ನೋಡಿ, ಆಗ ಮಾತಾಡುವುದು ವಿಶೇಷ ಸೌಲಭ್ಯವಾಗಿ ಉಳಿಯಲಿಲ್ಲ, ಉತ್ಪನ್ನದ ಮುಖ್ಯ ಜಾಹೀರಾತೇ ಅದಾಯಿತು.

ನಮಗಾಗಿಯೇ ಮಾಡಿದ ಪ್ಲೇಯರ್‌ಗಳ ಕಥೆ ಬೇರೆ. ಡೈಸಿ ಎಂಬ ಮಾತಾಡುವ ಪುಸ್ತಕದ ಮಾದರಿ ಇದೆ, ಅದನ್ನು ನೋಡಿಕೊಳ್ಳುವ ಒಕ್ಕೂಟ ಹುಟ್ಟಿದ್ದು 1996ರಲ್ಲಿ. ಸಾಮಾನ್ಯ ಆಡಿಯೋ ಫೈಲಿಗೆ ಇರುವುದು ಸಮಯ ಮಾತ್ರ, ಇಷ್ಟನೇ ನಿಮಿಷ ಇಷ್ಟನೇ ಸೆಕೆಂಡ್. ಡೈಸಿ ಪುಸ್ತಕಕ್ಕೆ ಅಧ್ಯಾಯ, ಉಪಶೀರ್ಷಿಕೆ, ಪುಟ, ಕೊನೆಗೆ ವಾಕ್ಯದ ತುಣುಕು ಕೂಡ ಗೊತ್ತು. 2007ರಲ್ಲಿ ಬಂದ ವಿಕ್ಟರ್ ರೀಡರ್ ಸ್ಟ್ರೀಮ್ ಎಂಬ ಪ್ಲೇಯರ್ ಇದನ್ನು ಜೇಬಿಗೆ ತಂದಿತು. ಫೋನಿನಲ್ಲಿರುವಂಥ ಅಂಕಿ ಕೀಲಿಗಳು. 4 ಒತ್ತಿದರೆ ಹಿಂದೆ, 6 ಒತ್ತಿದರೆ ಮುಂದೆ. ಎಷ್ಟು ದೊಡ್ಡ ಹೆಜ್ಜೆ ಇಡಬೇಕು, ಅಧ್ಯಾಯವೋ ಪುಟವೋ ಎನ್ನುವುದನ್ನು 2 ಮತ್ತು 8 ಆರಿಸುತ್ತವೆ. 5 ಒತ್ತಿದರೆ ನಾನು ಎಲ್ಲಿದ್ದೇನೆ ಎಂದು ಹೇಳುತ್ತದೆ. 0 ಒತ್ತಿ ಹಿಡಿದರೆ ಅದರ ಕೈಪಿಡಿಯನ್ನು ಅದೇ ಓದಿ ಹೇಳುತ್ತದೆ. 2013ರ ಮಾದರಿಗೆ ವೈಫೈ ಬಂದ ಮೇಲೆ ಪಾಡ್‌ಕಾಸ್ಟ್‌ಗಳು ನೇರವಾಗಿ ಅದಕ್ಕೇ ಇಳಿಯತೊಡಗಿದವು.

ಆ 5ನೇ ಕೀಲಿಯ ಬಗ್ಗೆ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಕಣ್ಣಿರುವವರು ತೆರೆಯ ಮೇಲೆ ಒಂದು ನೋಟ ಹಾಯಿಸಿದರೆ ಕಂತಿನ ಹೆಸರು, ಕಳೆದ ಸಮಯ, ಉಳಿದ ಸಮಯ, ವೇಗ ಎಲ್ಲ ಒಟ್ಟಿಗೆ ಸಿಗುತ್ತದೆ. ನಮಗೆ ಅದೇ ನೋಟ ಒಂದು ಕೀಲಿಯಲ್ಲಿ ಸಿಗಬೇಕು, ಕೇಳಿದಾಗ ಮಾತ್ರ ಸಿಗಬೇಕು, ಸಿಕ್ಕ ಮೇಲೆ ಅದು ಬಾಯಿ ಮುಚ್ಚಬೇಕು. ಈ ಮೂರೂ ಕೂಡಿಬಂದ ಆ್ಯಪ್‌ಗಳು ಇವತ್ತಿಗೂ ಕಡಿಮೆ.

ಈಗ ಫೋನಿಗೆ ಬರೋಣ. 2009ರ ಐಫೋನ್ 3ಜಿಎಸ್‌ನಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಬಂದಾಗ, ನುಣ್ಣನೆ ಗಾಜಿನ ಮೇಲೆ ಅಂಧರು ಏನು ತಾನೆ ಮಾಡಿಯಾರು ಎಂಬ ಅನುಮಾನ ನಮ್ಮಲ್ಲೇ ಎಷ್ಟೋ ಜನರಿಗಿತ್ತು. ಮಾಡಬಹುದು. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ಅದು ಒತ್ತಿದಂತೆ. ಎರಡು ಬೆರಳಲ್ಲಿ ಎರಡು ಸಲ ತಟ್ಟಿದರೆ ತೆರೆಯ ಯಾವ ಮೂಲೆಯಲ್ಲಿದ್ದರೂ ಆಡಿಯೋ ನಿಲ್ಲುತ್ತದೆ, ಮತ್ತೆ ತಟ್ಟಿದರೆ ಶುರುವಾಗುತ್ತದೆ. ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ನಲ್ಲೂ ಈಗ ಇದು ಇದೆ. ಆದರೆ ಇದೆಲ್ಲ ಆ್ಯಪ್ ಬರೆದವರು ಒಂದು ಸಣ್ಣ ಕೆಲಸ ಮಾಡಿದ್ದರೆ ಮಾತ್ರ ನಡೆಯುತ್ತದೆ. ಪ್ರತಿ ಬಟನ್‌ಗೂ ಒಂದು ಹೆಸರು ಬರೆದಿಡಬೇಕು. ತ್ರಿಕೋನದ ಚಿತ್ರ ಕಂಡರೆ ಪ್ಲೇ ಎಂದು ನಿಮಗೆ ಗೊತ್ತಾಗುತ್ತದೆ, ಸ್ಕ್ರೀನ್ ರೀಡರ್‌ಗೆ ಗೊತ್ತಾಗಬೇಕಾದರೆ ಕೋಡ್‌ನಲ್ಲಿ ಪ್ಲೇ ಎಂದು ಬರೆದಿರಬೇಕು.

ನಾನು ತುಂಬ ದಿನ ಬಳಸಿದ ಒಂದು ಪಾಡ್‌ಕಾಸ್ಟ್ ಆ್ಯಪ್ ಹೊಸ ವಿನ್ಯಾಸ ಮಾಡಿಕೊಂಡು ಬಂತು. ತುಂಬ ಚೆನ್ನಾಗಿ ಕಾಣುತ್ತದೆ ಎಂದು ಎಲ್ಲರೂ ಹೊಗಳಿದರು. ನನಗೆ ಕೇಳಿಸಿದ್ದು ಹೀಗೆ: “ಬಟನ್. ಬಟನ್. ಬಟನ್. ಚಿತ್ರ. ಬಟನ್.” ಯಾವುದು ಪ್ಲೇ, ಯಾವುದು 30 ಸೆಕೆಂಡ್ ಮುಂದೆ, ಯಾವುದು ಅಳಿಸುವುದು? ಒತ್ತಿಯೇ ನೋಡಬೇಕು. ಒತ್ತಿದೆ. ಅಳಿಸುವುದೇ ಸಿಕ್ಕಿತು, “ಖಚಿತವೇ” ಎಂದು ಕೂಡ ಕೇಳಲಿಲ್ಲ. ಅದೇ ಆ್ಯಪ್‌ನಲ್ಲಿ ಕಳೆದ ಸಮಯವನ್ನು ತಾನಾಗಿ ಘೋಷಿಸುವಂತೆ ಯಾರೋ ಮಾಡಿಟ್ಟಿದ್ದರು, ಒಳ್ಳೆಯದಕ್ಕೇ ಮಾಡಿರಬೇಕು. ಫಲ ಏನೆಂದರೆ ಯಾರೋ ತಮ್ಮ ಬದುಕಿನ ಕಷ್ಟದ ದಿನಗಳ ಬಗ್ಗೆ ಮಾತಾಡುತ್ತಿದ್ದಾರೆ, ಅವರ ಮಾತಿನ ಮೇಲೆ ಸ್ಕ್ರೀನ್ ರೀಡರ್ “ಹನ್ನೆರಡು ನಿಮಿಷ ನಾಲ್ಕು ಸೆಕೆಂಡ್, ಹನ್ನೆರಡು ನಿಮಿಷ ಐದು ಸೆಕೆಂಡ್” ಎಂದು ಹೇಳುತ್ತಲೇ ಇದೆ.

ಕಂತಿನಲ್ಲಿ ಹಿಂದೆ ಮುಂದೆ ಹೋಗಲು ಇರುವ ಗೆರೆ, ಅಂದರೆ ಸ್ಲೈಡರ್, ಇನ್ನೊಂದು ಗೋಳು. ಕಣ್ಣಿರುವವರು ಬೆರಳಿಂದ ಗುಂಡಿ ಎಳೆಯುತ್ತಾರೆ. ಸ್ಕ್ರೀನ್ ರೀಡರ್‌ನಲ್ಲಿ ಮೇಲೆ ಕೆಳಗೆ ಸರಿಸಿದರೆ ಅದು ಒಂದೊಂದು ಹೆಜ್ಜೆ ಹೋಗುತ್ತದೆ. ಆ್ಯಪ್‌ನವರು ಏನೂ ಹೇಳದೆ ಬಿಟ್ಟರೆ ಐಫೋನ್‌ನಲ್ಲಿ ಆ ಹೆಜ್ಜೆ ಸಾಮಾನ್ಯವಾಗಿ ಶೇಕಡಾ 10. ಒಂದೂವರೆ ಗಂಟೆಯ ಕಂತಿನಲ್ಲಿ ಶೇಕಡಾ 10 ಅಂದರೆ 9 ನಿಮಿಷ! ಒಂದು ಜಾಹೀರಾತು ದಾಟಿಸಲು ಹೋದರೆ ಅರ್ಧ ಸಂದರ್ಶನವೇ ಹಾರಿಹೋಗುತ್ತದೆ. ಜತೆಗೆ ಅದು ಹೇಳುವುದೇನು? “37 ಪರ್ಸೆಂಟ್.” ಕಂತಿನ 37 ಪರ್ಸೆಂಟ್‌ನಲ್ಲಿ ಏನಿತ್ತು ಎಂದು ಯಾರಿಗೆ ನೆನಪಿರುತ್ತದೆ? “90 ನಿಮಿಷದಲ್ಲಿ 33ನೇ ನಿಮಿಷ” ಎಂದು ಹೇಳಿಸುವುದು ಕೆಲವೇ ಸಾಲಿನ ಕೆಲಸ. ಸರದಿಯಲ್ಲಿರುವ ಕಂತುಗಳನ್ನು ಎಳೆದು ಮೇಲೆ ಕೆಳಗೆ ಮಾಡುವುದೂ ಹಾಗೇ. ಎಳೆಯುವುದರ ಜತೆಗೆ “ಮೇಲಕ್ಕೆ ಸರಿಸು”, “ಕೆಳಕ್ಕೆ ಸರಿಸು” ಎಂಬ ಎರಡು ಆಯ್ಕೆ ಕೊಟ್ಟರೆ ಮುಗಿಯಿತು.

ಜಾಲತಾಣಗಳಲ್ಲಿ ಸಿಕ್ಕಿಸಿರುವ ಪ್ಲೇಯರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬಿಪಿ ಏರುತ್ತದೆ. ಒಂದೇ ಮಾತು. ಪುಟ ತೆರೆದ ತಕ್ಷಣ ತಾನಾಗಿ ಬಾರಿಸುವ ಆಡಿಯೋ ಸ್ಕ್ರೀನ್ ರೀಡರ್‌ನ ದನಿಯನ್ನೇ ನುಂಗಿಬಿಡುತ್ತದೆ, ಹಾಗಾಗಿ ಅದನ್ನು ನಿಲ್ಲಿಸುವ ಬಟನ್ ಎಲ್ಲಿದೆ ಎಂದು ಹುಡುಕಲೂ ಆಗುವುದಿಲ್ಲ. ಅದಕ್ಕೇ ಡಬ್ಲ್ಯುಸಿಎಜಿ ಎಂಬ ಜಾಲತಾಣಗಳ ಮಾರ್ಗಸೂಚಿಯಲ್ಲಿ, 3 ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಓಡುವ ಧ್ವನಿಯನ್ನು ನಿಲ್ಲಿಸಲು ಅಥವಾ ಅದರ ದನಿಯನ್ನು ಬೇರೆಯಾಗಿ ತಗ್ಗಿಸಲು ದಾರಿ ಇರಲೇಬೇಕು ಎಂದಿದೆ. 2008ರಿಂದಲೂ ಇದೆ. ಓದಿದವರು ಎಷ್ಟು ಜನವೋ.

ವೇಗದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಸ್ಕ್ರೀನ್ ರೀಡರ್ ಬಳಸಿ ಪಳಗಿದವರು ಅದನ್ನು ಎಷ್ಟು ಜೋರಾಗಿ ಓಡಿಸುತ್ತಾರೆಂದರೆ ಪಕ್ಕದವರಿಗೆ ಅದು ಯಾವ ಭಾಷೆ ಎಂದೂ ಗೊತ್ತಾಗುವುದಿಲ್ಲ. ಪಾಡ್‌ಕಾಸ್ಟ್‌ಗೂ ಅದೇ ವೇಗ ಬೇಕೆನಿಸುತ್ತದೆ. ಸುಮ್ನೆ ಟೇಪನ್ನು ಬೇಗ ತಿರುಗಿಸಿದರೆ ದನಿ ಕೀರಲಾಗುತ್ತದೆ, ಎರಡು ಪಟ್ಟು ದಾಟಿದರೆ ಏನೂ ತಿಳಿಯುವುದಿಲ್ಲ. ಇದಕ್ಕಾಗಿ ಸಾನಿಕ್ ಎಂಬ ಒಂದು ಪುಟ್ಟ ಮುಕ್ತ ತಂತ್ರಾಂಶ ಇದೆ. ಮಾತಿನ ಅಲೆಯಲ್ಲಿ ಮತ್ತೆ ಮತ್ತೆ ಬರುವ ಒಂದೇ ಥರದ ಸಣ್ಣ ಸುತ್ತುಗಳನ್ನು ಹುಡುಕಿ, ಅವುಗಳಲ್ಲಿ ಕೆಲವನ್ನು ಒಂದರೊಳಗೊಂದು ಬೆಸೆದುಬಿಡುತ್ತದೆ. ಮಾತು ಚಿಕ್ಕದಾಗುತ್ತದೆ, ದನಿಯ ಎತ್ತರ ಹಾಗೇ ಉಳಿಯುತ್ತದೆ. ಅದನ್ನು ಬರೆದ ಉದ್ದೇಶವೇ ಕಣ್ಣು ಕಾಣದವರು ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಕೇಳಲಿ ಎಂದು. ಆಮೇಲೆ ಅದು ಆಂಡ್ರಾಯ್ಡ್‌ನೊಳಗೇ ಸೇರಿತು. ಇವತ್ತು ಆಂಡ್ರಾಯ್ಡ್‌ನಲ್ಲಿ ಒಂದೂವರೆ ಪಟ್ಟು ವೇಗ ಒತ್ತಿ “ಟೈಮ್ ಉಳೀತು” ಎನ್ನುವ ಎಷ್ಟೋ ಜನ ಅದೇ ಕೋಡ್ ಮೂಲಕ ಕೇಳುತ್ತಿರುತ್ತಾರೆ. ನಮಗೆಂದು ಬಂದದ್ದು ಆಮೇಲೆ ಎಲ್ಲರಿಗೂ ಹೋಗುವುದು ಹೊಸದೇನಲ್ಲ. 1930ರ ದಶಕದಲ್ಲೇ ಅಮೆರಿಕದ ಅಂಧರಿಗೆ ಮಾತಾಡುವ ಪುಸ್ತಕಗಳು ನಿಮಿಷಕ್ಕೆ 33⅓ ಸುತ್ತಿನ ತಟ್ಟೆಗಳಲ್ಲಿ ಹೋಗುತ್ತಿದ್ದವು, ಅದೇ ವೇಗದ ಎಲ್‌ಪಿ ತಟ್ಟೆ ಹಾಡು ಕೇಳುವವರ ಮನೆಮನೆಗೆ ಹೋಗತೊಡಗಿದ್ದು 1948ರ ನಂತರ.

ಪಾಡ್‌ಕಾಸ್ಟ್ ನಮಗೆ ಒಗ್ಗಿದ್ದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಪಾಡ್‌ಕಾಸ್ಟ್ ಅಂದರೆ ಮೂಲದಲ್ಲಿ ಒಂದು ಆರ್‌ಎಸ್‌ಎಸ್ ಫೀಡ್. ಕಂತುಗಳ ಪಟ್ಟಿ, ಪ್ರತಿ ಕಂತಿಗೂ ಒಂದು ಸಾದಾ ಫೈಲಿನ ವಿಳಾಸ, ಅಷ್ಟೇ. ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ಓದಬಹುದು. ಒಂದು ಆ್ಯಪ್ ಕೆಟ್ಟರೆ ಚಂದಾ ಪಟ್ಟಿಯನ್ನು ಒಪಿಎಂಎಲ್ ಎಂಬ ಮಾದರಿಯ ಫೈಲಾಗಿ ಹೊರತೆಗೆದು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು. ಬಟನ್ ಬಟನ್ ಎಂದು ಕೂಗುತ್ತಿದ್ದ ಆ್ಯಪ್‌ನಿಂದ ನಾನು ಹೊರಬಂದಿದ್ದೂ ಹೀಗೆಯೇ. ಆದ್ದರಿಂದ ಒಂದು ಕಾರ್ಯಕ್ರಮ “ನಮ್ಮ ಆ್ಯಪ್‌ನಲ್ಲಿ ಮಾತ್ರ ಲಭ್ಯ” ಎಂದಾಗ ಕಣ್ಣಿರುವವರಿಗೆ ಅದು ಇನ್ನೊಂದು ಆ್ಯಪ್ ಹಾಕಿಕೊಳ್ಳುವ ಸಣ್ಣ ಕಿರಿಕಿರಿ, ನನಗೆ ಆ ಆ್ಯಪ್‌ನ ಬಟನ್‌ಗಳಿಗೆ ಹೆಸರಿಲ್ಲದಿದ್ದರೆ ಕಾರ್ಯಕ್ರಮವೇ ಇಲ್ಲ. ಫೀಡ್ ಮುಕ್ತವಾಗಿಡಿ ಎಂದು ನಾನು ಗೋಗರೆಯುವುದು ಇದಕ್ಕೆ.

ಪಾಡ್‌ಕಾಸ್ಟ್ ಮಾಡುವವರೂ ಸ್ವಲ್ಪ ಕೇಳಿ. ಕಂತಿನ ಹೆಸರು ಬರೆಯುವಾಗ ವಿಷಯವನ್ನು ಮೊದಲು ಹಾಕಿ. ಕಾರ್ಯಕ್ರಮದ ಹೆಸರು, ಸೀಸನ್, ಕಂತಿನ ಸಂಖ್ಯೆ, ಆಮೇಲೆ ವಿಷಯ ಎಂದು ಬರೆದರೆ ಪಟ್ಟಿಯಲ್ಲಿ ಒಂದೊಂದು ಸಾಲಿಗೂ ಅದೇ ಪುರಾಣ ಕೇಳಬೇಕು. ಹೆಸರಿನ ತುಂಬ ಇಮೋಜಿ ಬೇಡ, ಪ್ರತಿಯೊಂದನ್ನೂ ಸ್ಕ್ರೀನ್ ರೀಡರ್ ಮಾತಲ್ಲಿ ವರ್ಣಿಸುತ್ತದೆ. ಅಧ್ಯಾಯದ ಗುರುತು ಹಾಕಿ, ಎಂಪಿ3 ಫೈಲಿನಲ್ಲೇ ಅದಕ್ಕೆ ಜಾಗ ಇದೆ, ನಿಮ್ಮ ಎರಡು ಗಂಟೆಯ ಹರಟೆ ಆಗ ನನಗೆ ಪುಸ್ತಕದಂತೆ ಸಿಗುತ್ತದೆ. ಧ್ವನಿಯ ಮಟ್ಟ ಸರಿ ಇಡಿ. ಇದು ನಮಗೆ ಯಾಕೆ ಜಾಸ್ತಿ ಮುಖ್ಯ ಅಂದರೆ, ನಿಮ್ಮ ಮಾತು ಮೆಲ್ಲಗಿದೆ ಎಂದು ನಾನು ವಾಲ್ಯೂಮ್ ಏರಿಸಿರುತ್ತೇನೆ, ಅಷ್ಟರಲ್ಲಿ ಒಂದು ಮೆಸೇಜ್ ಬಂದು ಸ್ಕ್ರೀನ್ ರೀಡರ್ ಕಿವಿಯೊಳಗೇ ಕಿರುಚುತ್ತದೆ. ಮೈನಸ್ 16 ಎಲ್‌ಯುಎಫ್‌ಎಸ್ (ದನಿ ಎಷ್ಟು ಗಟ್ಟಿ ಎಂದು ಅಳೆಯುವ ಮಾನ) ಆಸುಪಾಸಿನಲ್ಲಿ ಇಡಿ ಎಂದು ಆಪಲ್‌ನವರು ಹೇಳುತ್ತಾರೆ, ಅಷ್ಟು ಮಾಡಿದರೆ ಸಾಕು. ಮತ್ತೆ ಮಾತಿನ ಲಿಖಿತ ರೂಪ ಕೊಡುವುದು ಕಿವಿ ಕೇಳದವರಿಗೆ ಮಾತ್ರ ಎಂದುಕೊಳ್ಳಬೇಡಿ. ಕಣ್ಣೂ ಕಿವಿಯೂ ಎರಡೂ ಇಲ್ಲದವರು ಅಕ್ಷರಗಳನ್ನು ಉಬ್ಬು ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇ ಮೇಲೆ ಬೆರಳಾಡಿಸಿ ನಿಮ್ಮ ಪಾಡ್‌ಕಾಸ್ಟ್ ಓದುತ್ತಾರೆ, ಲಿಖಿತ ರೂಪ ಇಲ್ಲದಿದ್ದರೆ ಅವರಿಗೆ ಬೇರೆ ದಾರಿಯೇ ಇಲ್ಲ.

ಫೋನ್ ಇಷ್ಟೆಲ್ಲ ಮಾಡುವಾಗ ಬೇರೆ ಪ್ಲೇಯರ್ ಯಾಕೆ ಎಂದು ಕೇಳುವವರಿದ್ದಾರೆ. ರಸ್ತೆಯಲ್ಲಿ ನನ್ನ ಒಂದು ಕೈಯಲ್ಲಿ ಬಿಳಿ ಕೋಲು ಇರುತ್ತದೆ. ಉಳಿದ ಒಂದು ಕೈಯಲ್ಲಿ ಫೋನ್ ತೆಗೆದು, ಹಿಡಿದು, ಅದೇ ಕೈಯ ಬೆರಳಲ್ಲಿ ಎರಡೆರಡು ಸಲ ತಟ್ಟಿ ನೋಡಿ, ಆಗ ಗೊತ್ತಾಗುತ್ತದೆ. ಬಟನ್ ಇರುವ ಪ್ಲೇಯರ್ ಆದರೆ ಜೇಬಿನಿಂದ ಹೊರಗೆ ತೆಗೆಯುವುದೇ ಬೇಡ. ಕಿವಿಯೂ ಖಾಲಿ ಇರಬೇಕು, ವಾಹನದ ಸದ್ದು ಕೇಳಿಸದಿದ್ದರೆ ನಡೆಯುವುದು ಹೇಗೆ? ಅದಕ್ಕೆ ನನ್ನಂಥ ಬಹಳ ಜನ ಬೋನ್ ಕಂಡಕ್ಷನ್ ಹೆಡ್‌ಫೋನ್ ಹಾಕುತ್ತಾರೆ, ಅದು ಕೆನ್ನೆಯ ಮೂಳೆಯ ಮೂಲಕ ಕೇಳಿಸುತ್ತದೆ, ಕಿವಿ ತೆರೆದೇ ಇರುತ್ತದೆ. ಆದರೆ ಬ್ಲೂಟೂತ್‌ಗೆ ಒಂದು ಕೆಟ್ಟ ಚಾಳಿ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಹೆಡ್‌ಫೋನ್ ತೂಕಡಿಸುತ್ತದೆ, ಮತ್ತೆ ಏಳುವಷ್ಟರಲ್ಲಿ ಸ್ಕ್ರೀನ್ ರೀಡರ್‌ನ ಮೊದಲ ಅಕ್ಷರ ಹೋಗಿಬಿಟ್ಟಿರುತ್ತದೆ. “ಪ್ಲೇ” ಅಂದಿತೋ “ರಿಪ್ಲೇ” ಅಂದಿತೋ ಎನ್ನುವ ಗೊಂದಲ. ತಂತಿ ಇಯರ್‌ಫೋನ್‌ಗೆ ಈ ರೋಗ ಇರಲಿಲ್ಲ. ಫೋನ್‌ಗಳಿಂದ ಆ ತಂತಿ ಸಿಕ್ಕಿಸುವ ತೂತನ್ನು ತೆಗೆದಾಗ ನಮ್ಮವರು ಗೊಣಗಿದ್ದು ಹಟಕ್ಕಲ್ಲ.

ಆ್ಯಪ್ ಬರೆಯುವ ಯಾರಾದರೂ ಇಲ್ಲಿಯವರೆಗೆ ಓದಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಐಫೋನ್‌ನಲ್ಲಿ ವಾಯ್ಸ್‌ಓವರ್ ಹಾಕಿ ಮೂರು ಬೆರಳಲ್ಲಿ ಮೂರು ಸಲ ತಟ್ಟಿದರೆ ತೆರೆ ಪೂರ್ತಿ ಕಪ್ಪಾಗುತ್ತದೆ, ಫೋನ್ ಮಾತ್ರ ನಡೆಯುತ್ತಿರುತ್ತದೆ. ಆ ಸ್ಥಿತಿಯಲ್ಲಿ ನಿಮ್ಮದೇ ಆ್ಯಪ್‌ನಲ್ಲಿ ಒಂದು ಹೊಸ ಕಾರ್ಯಕ್ರಮ ಹುಡುಕಿ, ಒಂದು ಕಂತು ಇಳಿಸಿ, ಅರ್ಧಕ್ಕೆ ನಿಲ್ಲಿಸಿ, ಎರಡು ನಿಮಿಷ ಹಿಂದಕ್ಕೆ ಹೋಗಿ, ಅರ್ಧ ಗಂಟೆಗೆ ತಾನಾಗಿ ನಿಲ್ಲುವಂತೆ ಸ್ಲೀಪ್ ಟೈಮರ್ ಇಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅದೇ ನಿಮ್ಮ ಕೆಲಸದ ಪಟ್ಟಿ.

ನಾನು ಈಗ ಬಳಸುವ ಆ್ಯಪ್‌ನವರಿಗೆ ದೂರು ಬರೆಯುವಾಗ “ಅಂಧರಿಗೆ ಅನುಕೂಲ ಮಾಡಿ” ಎಂದು ಬರೆಯುವುದಿಲ್ಲ. ಅದಕ್ಕೆ ಬರುವ ಉತ್ತರ ಒಂದೇ, “ನಿಮ್ಮ ಸಲಹೆಗೆ ಧನ್ಯವಾದ.” ಯಾವ ಪುಟ, ಎಡದಿಂದ ಎಷ್ಟನೇ ಬಟನ್, ಸ್ಕ್ರೀನ್ ರೀಡರ್ ಏನು ಹೇಳಿತು, ಏನು ಹೇಳಬೇಕಿತ್ತು, ಆ್ಯಪ್‌ನ ಆವೃತ್ತಿ ಯಾವುದು, ಇಷ್ಟು ಬರೆಯುತ್ತೇನೆ, ಸಾಧ್ಯವಾದರೆ ಫೋನಿನ ತೆರೆಯನ್ನು ರೆಕಾರ್ಡ್ ಮಾಡಿ ದನಿ ಸಮೇತ ಕಳಿಸುತ್ತೇನೆ. ಸರದಿಯಲ್ಲಿ ಮೇಲೆ ಕೆಳಗೆ ಸರಿಸುವ ಆಯ್ಕೆಯನ್ನು ನಾನು ಹಾಗೆ ಕೇಳಿದ ಮೇಲೆ ಅವರು ಮುಂದಿನ ಆವೃತ್ತಿಯಲ್ಲೇ ಕೊಟ್ಟರು. ಸ್ಲೀಪ್ ಟೈಮರ್ ಮಾತ್ರ ಇನ್ನೂ “ಬಟನ್” ಅನ್ನುತ್ತಿದೆ. ಈ ವಾರ ಮತ್ತೆ ಬರೆಯುತ್ತೇನೆ.